ನಾರಾಯಣಪೇಟೆಯಿಂದ ಗದ್ವಾಲದವರೆಗೆ: ಒಂದು ಹಳೆಯ ಬಾಕಿ

ದಸರೆಯ ರಜೆ ಬಂದಿತೆಂದರೆ ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ತಿರುಪತಿಗೆ, ಕೆಲವರು ಶಿರಡಿಗೆ, ಅನುಕೂಲವುಳ್ಳವರು ಕಾಶಿಗೆ ಹೊರಡುವುದುಂಟು. ಕಳೆದ ದಸರೆಯಲ್ಲಿ ನಾನೂ ಚೀಲವನ್ನು ಹೆಗಲಿಗೇರಿಸಿ ಹೊರಟೆನಾದರೂ ನನ್ನ ಯಾತ್ರೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಎಂಬ ಮೂರು ಊರುಗಳನ್ನು ಮೀರಿ ಹೋಗಲಿಲ್ಲ. ಮೂರೂ ನಮ್ಮ ಊರಿನಿಂದ ಅರ್ಧ ದಿನದ ಬಸ್ಸಿನ ದಾರಿಯವು. “ಮೂವತ್ತು ವರ್ಷದಿಂದ ನೋಡಿದ ಊರೊಳಗ ಮತ್ತೇನು ನೋಡಾದು ಉಳಿದದ?” ಎಂದು ನನ್ನ ಮನೆಯವರು ನಕ್ಕರು. ನಾನು ಉತ್ತರ ಕೊಡಲಿಲ್ಲ. ಚೀಲದಲ್ಲಿ ಎರಡು ಜೊತೆ ಬಟ್ಟೆ, ನಾಲ್ಕು ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಯ ಪುಡಿಯ ಪೊಟ್ಟಣ, ಇವುಗಳ ಕೆಳಗೆ ಒಂದು ಹಳೆಯ ಕಾಗದವಿತ್ತು. ಅದು ೧೯೯೭ರ ಜೂನ್ ತಿಂಗಳಿನಲ್ಲಿ ನನ್ನ ಕೈಯಾರೆ ಬರೆದ ಶಾಲೆಯ ವರ್ಗಾವಣೆ ಪತ್ರ. ಸೇರಬೇಕಾದವರ ಕೈ ಸೇರದೆ ಇಪ್ಪತ್ತೆಂಟು ವರ್ಷ ನನ್ನ ಪೆಟ್ಟಿಗೆಯ ತಳದಲ್ಲಿ ಕುಳಿತಿದ್ದ ಪತ್ರ.

ಹಿನ್ನೆಲೆಯನ್ನು ಮೊದಲು ಹೇಳಿಬಿಡುವುದು ಲೇಸು. ಕರ್ನಾಟಕವನ್ನು ದಾಟಿ ಬರುವ ಕೃಷ್ಣೆಯನ್ನು ಭೀಮೆ ಕೂಡುವ ತಂಗಡಿಯಿಂದ ಕೆಳಗೆ, ಹೊಳೆಯ ಉತ್ತರದ ದಂಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಈಗ ಕೃಷ್ಣಾ ಮಂಡಲವೆಂದು ಕರೆಯುವ ಈ ಭಾಗ ೨೦೧೬ರ ವರೆಗೆ ಮಾಗನೂರು ಮಂಡಲದಲ್ಲಿತ್ತು. ಶಿಕ್ಷಕರ ತರಬೇತಿ ಮುಗಿಸಿ ೧೯೯೨ರಲ್ಲಿ ಅಲ್ಲಿನ ಒಂದು ಕನ್ನಡ ಮಾಧ್ಯಮದ ಶಾಲೆಗೆ ನಾನು ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ; ಕನ್ನಡವನ್ನು ನಾನೊಬ್ಬನೇ ಹೆಗಲ ಮೇಲೆ ಹೊತ್ತಿರುವೆನೆಂಬ ಹುಮ್ಮಸ್ಸು. ಶಾಲೆ ಏಳನೆಯ ತರಗತಿಯವರೆಗೆ ಮಾತ್ರ. ಮುಂದೆ ಕನ್ನಡದಲ್ಲಿ ಓದಬೇಕೆಂದರೆ ಸೇತುವೆ ದಾಟಿ ರಾಯಚೂರಿನ ಕಡೆ ಹೋಗಬೇಕು, ವಸತಿನಿಲಯದಲ್ಲಿ ಇರಬೇಕು.

ಆ ಶಾಲೆಯಲ್ಲಿ ನಾರಾಯಣಪೇಟೆಯ ನೇಕಾರರ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಹೆಸರು ಬೇಡ. ಲೆಕ್ಕದಲ್ಲಿ ಅಂಥ ಮಗುವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ, ಆಮೇಲೂ ಎರಡೋ ಮೂರೋ ಮಾತ್ರ. ೧೯೯೫ರಲ್ಲಿ ಅವಳು ಐದನೆಯ ತರಗತಿ ಮುಗಿಸಿದಾಗ ತಂದೆ ಬಂದು, ಇವಳನ್ನು ಪೇಟೆಗೆ ಕರೆದೊಯ್ದು ತೆಲುಗು ಶಾಲೆಗೆ ಹಾಕುತ್ತೇನೆ, ಅಲ್ಲಿ ಮನೆಯ ಹತ್ತಿರವೇ ಹತ್ತನೆಯ ತರಗತಿಯವರೆಗೆ ಓದಬಹುದು ಎಂದರು. ನಾನು ಎರಡು ಗಂಟೆಗಳ ಕಾಲ ಅವರೊಡನೆ ವಾದಿಸಿದೆ. ತಾಯಿನುಡಿಯ ಮಹತ್ವವನ್ನು ಹೇಳಿದೆ. ತರಬೇತಿಯಲ್ಲಿ ಕಲಿತದ್ದೆಲ್ಲ ಆ ದಿನ ಉಪಯೋಗಕ್ಕೆ ಬಂತು. ಹೇಳದೆ ಬಿಟ್ಟ ಮಾತೊಂದಿತ್ತು. ಆ ವರ್ಷ ನಮ್ಮ ಮೇಲಿನ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿತ್ತು. ಇನ್ನಿಬ್ಬರು ಹೋದರೆ ಒಂದು ಹುದ್ದೆ ಬೇರೆಡೆಗೆ ಹೋಗುವುದಿತ್ತು, ಸೇವೆಯಲ್ಲಿ ಕಿರಿಯವನಾದ್ದರಿಂದ ಅದು ನನ್ನದೇ ಆಗುತ್ತಿತ್ತು. ಕಡೆಗೆ ತಂದೆ ಒಪ್ಪಿದರು. “ಏಳನೆಯದು ಆದ ಮೇಲೆ ರಾಯಚೂರಿಗೆ ನಾನೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ. ಆ ಜವಾಬ್ದಾರಿ ನನ್ನದು” ಎಂದು ನಾನು ಮಾತು ಕೊಟ್ಟೆ.

ಮುಂದಿನದನ್ನು ಗದ್ವಾಲದಲ್ಲಿ ಹೇಳುತ್ತೇನೆ. ಮರುವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು. ಆ ತಂದೆ ಎರಡು ಸಲ ಮಕ್ತಲದ ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಬಿದ್ದಿದ್ದರು. ಎರಡು ಸಲವೂ ನಾನು ಕಂಬದ ಮರೆಗೆ ಸರಿದಿದ್ದೆ. ಈಗ ಹೊರಡುವಂತೆ ಮಾಡಿದ್ದು ಕಳೆದ ಜೂನ್ ತಿಂಗಳಿನ ಒಂದು ಪ್ರಸಂಗ. ಐದನೆಯ ತರಗತಿ ಮುಗಿಸಿದ ಮಗಳನ್ನು ಕೈಹಿಡಿದುಕೊಂಡು ಒಬ್ಬ ತರುಣ ನನ್ನ ಕೋಣೆಗೆ ಬಂದು, “ಸರ, ಕನ್ನಡದಾಗ ಇರಿಸಲೋ, ತೆಗೆದು ಪ್ಯಾಟಿಗೆ ಹಾಕಲೋ? ನೀವೇ ಹೇಳ್ರಿ” ಎಂದ. ಮುಖ್ಯೋಪಾಧ್ಯಾಯನಾದ ನನ್ನ ಬಾಯಿಂದ, “ನಿನಗೆ ಸರಿ ಕಂಡಂತೆ ಮಾಡು” ಎಂಬ ಮಾತು ಹೊರಬಿತ್ತು. ಅವನು ನಿರಾಶನಾಗಿ ಹೋದ. ಆ ರಾತ್ರಿ ಪೆಟ್ಟಿಗೆಯನ್ನು ತೆಗೆದು ಕಾಗದವನ್ನು ಹುಡುಕಿದೆ.

ಮೊದಲ ದಿನ ಮಕ್ತಲದಲ್ಲಿ ಬಸ್ಸು ಬದಲಿಸಿ ನೇರವಾಗಿ ನಾರಾಯಣಪೇಟೆಯನ್ನು ಸೇರಿದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಹತ್ತಿ ಒಡೆಯುತ್ತಿತ್ತು, ತೊಗರಿ ಎದೆಯೆತ್ತರ ಬೆಳೆದಿತ್ತು. ೨೦೧೯ರ ಫೆಬ್ರವರಿಯಲ್ಲಿ ಜಿಲ್ಲೆಯಾದಂದಿನಿಂದ ಊರಿನ ಹೊರವಲಯಕ್ಕೆ ಕಚೇರಿಗಳ ಕಳೆ ಬಂದಿದೆ. ಹಳೆಯ ಪೇಟೆ ಮಾತ್ರ ಹಳೆಯ ಪೇಟೆಯಾಗಿಯೇ ಇದೆ. ಚಿನ್ನಬೆಳ್ಳಿಯ ಅಂಗಡಿಗಳ ಸಾಲು, ಅವುಗಳ ನಡುವೆ ಸೀರೆಯ ಅಂಗಡಿಗಳು. ಒಂದೇ ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತರೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಒಬ್ಬನೇ ಮನುಷ್ಯ ಬೆಲೆಯನ್ನು ಒಂದು ಭಾಷೆಯಲ್ಲಿ ಹೇಳಿ, ಆಣೆಯನ್ನು ಇನ್ನೊಂದರಲ್ಲಿ ಇಟ್ಟು, ಒಳಗಿದ್ದ ಮಗನನ್ನು ಮೂರನೆಯದರಲ್ಲಿ ಗದರಿಸುವುದನ್ನು ಕೇಳಿ ನನಗೆ ನಗೆ ಬಂತು. ಶಿವಾಜಿ ಮಹಾರಾಜರ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ ಜೊತೆಗೆ ಬಂದ ನೇಕಾರರಲ್ಲಿ ಕೆಲವರು ಇಲ್ಲಿಯೇ ನಿಂತರೆಂದು ಜನ ಹೇಳುತ್ತಾರೆ. ಸೀರೆಯ ಚೌಕುಳಿ ಮತ್ತು ಅಂಚಿನ ಗೋಪುರದ ಮೊನೆಗಳನ್ನು ನೋಡಿದರೆ ಮರಾಠಿ ಸೀಮೆಯ ನೆನಪಾಗುವುದು ಸುಳ್ಳಲ್ಲ. ಕನ್ನಡ ಸೀಮೆಗೂ ಇದು ದೂರದ ಊರಲ್ಲ. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ ‘ನಾರಾಯಣಪೇಟೆ ರೋಡ್’ ಎಂದೇ ಹೆಸರಿತ್ತು. ಸೀರೆಯ ಗಂಟುಗಳು ಅಲ್ಲಿಂದಲೇ ಗಾಡಿ ಏರುತ್ತಿದ್ದವು.

ನೇಕಾರರ ಓಣಿಯಲ್ಲಿ ವಿಚಾರಿಸುತ್ತ ಹೋದೆ. ಇಪ್ಪತ್ತೆಂಟು ವರ್ಷದ ಹಿಂದೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಲಾಳಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಈಗ ನಡುನಡುವೆ ಸದ್ದಿಲ್ಲದ ಮನೆಗಳಿವೆ. ಆ ಮನೆಯ ಪಡಸಾಲೆಯಲ್ಲಿ ಗುಂಡಿಮಗ್ಗ ಇನ್ನೂ ಇತ್ತು, ಹಾಸೂ ಇತ್ತು, ನೇಯುತ್ತಿದ್ದವನು ಮಗ. ತಂದೆ ಬಾಗಿಲ ಬಳಿ ಕಂಬಳಿಯ ಮೇಲೆ ಕುಳಿತು ಮೊಮ್ಮಗುವಿನ ಆಟಿಕೆಯೊಂದಕ್ಕೆ ದಾರ ಕಟ್ಟುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಧ್ವನಿಯಿಂದಲೇ ನನ್ನನ್ನು ಗುರುತಿಸಿದರು.

“ಮಾಸ್ತರ್ರು ಬಂದಾರ, ಚಾ ಇಡ್ರಿ” ಎಂದು ಒಳಗೆ ಕೂಗಿದರು. ಕಂಬದ ಮರೆಗೆ ಸರಿದವನಿಗೆ ಆ ಮರ್ಯಾದೆ ಬಹಳ ಭಾರವೆನಿಸಿತು.

ಮಗ್ಗದ ಮಾತು ಬಂತು. ಒಂದೇ ಹಾಸಿನಲ್ಲಿ ಎಂಟು ಸೀರೆ ಇಳಿಸುವುದು ಇಲ್ಲಿಯ ರೂಢಿ. ಎಂಟೂ ಮುಗಿದು ಹಾಸು ಖಾಲಿಯಾಗುವವರೆಗೆ ಮಗ್ಗದ ಮೇಲಿನ ಬಣ್ಣ ಬದಲಾಗುವುದಿಲ್ಲ. “ಮೊದಲ ಸೀರೀಗೇ ತಪ್ಪು ಬಣ್ಣ ಅಂತ ಗೊತ್ತಾದ್ರೂ ಎಂಟು ನೇಯಬೇಕು ನೋಡ್ರಿ” ಎಂದು ಮುದುಕರು ನಕ್ಕರು. ಅವರು ಸೀರೆಯ ಬಗ್ಗೆಯೇ ಆಡಿದ ಮಾತು ಅದು. ನಾನು ತಲೆ ತಗ್ಗಿಸಿ ಚಹಾ ಕುಡಿದೆ.

ಆಮೇಲೆ ಧೈರ್ಯ ಮಾಡಿ ೧೯೯೭ನೆಯ ಇಸವಿಯ ಜೂನ್ ತಿಂಗಳಿನ ಸಂಗತಿಯನ್ನು ಎತ್ತಿದೆ. ನಾನು ಬರಲಿಲ್ಲ, ತಪ್ಪಾಯಿತು ಎಂದೆ. ಅವರು ನನ್ನ ಮಾತನ್ನು ನಡುವೆಯೇ ತಡೆದರು. “ಅಯ್ಯ, ಅದನ್ನಾಕ ತಲಿಯಾಗ ಇಟ್ಟುಕೊಂಡೀರಿ? ನೀವು ಚೀಟಿ ತಂದಿದ್ರೂ ನಾ ಕಳಸ್ತಿದ್ದಿಲ್ಲ. ಯುಗಾದಿಗೇ ಅಕಿಗಂತ ಎರಡನೇ ಮಗ್ಗ ಹೂಡಿಸಿದ್ದೆ. ಹೆಣ್ಣು ಹುಡುಗಿ, ಹೊಳಿ ಆಚೆಗೆ ಯಾರು ಕಳಸ್ತಾರ?”

ಓದುಗರು ನಂಬಲಿ ಬಿಡಲಿ, ಆ ಮಾತಿನಿಂದ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಒಂದು ಬಗೆಯ ಗಲಿಬಿಲಿಯಾಯಿತು. ಇಷ್ಟು ವರ್ಷ ಹೊತ್ತು ತಂದ ಗಂಟನ್ನು, ಇದು ನಿನ್ನದಲ್ಲವೆಂದು ಬಾಗಿಲಲ್ಲೇ ತೆಗೆದುಕೊಂಡಂತಾಯಿತು. ಮುದುಕರು ನಿಜ ಹೇಳಿದರೋ, ಮನೆಗೆ ಬಂದ ಮಾಸ್ತರನ ಮನಸ್ಸು ನೋಯಬಾರದೆಂದು ಹೇಳಿದರೋ ತಿಳಿಯಲಿಲ್ಲ. ಅವರ ಸಂಸ್ಕಾರಕ್ಕೆ ಎರಡೂ ಹೊಂದುವ ಮಾತೇ. ಮಗಳ ಗಂಡನ ಮನೆ ಗದ್ವಾಲದಲ್ಲಿ ಎಲ್ಲಿ ಎಂಬುದನ್ನು ಮಗ ಒಂದು ಚೀಟಿಯ ಮೇಲೆ ಬರೆದುಕೊಟ್ಟ, ತೆಲುಗಿನಲ್ಲಿ.

ಮರುದಿನ ಬೆಳಿಗ್ಗೆ ಮಕ್ತಲ. ಇಲ್ಲಿ ನನಗೆ ಕೆಲಸವೇನೂ ಇರಲಿಲ್ಲ, ಗದ್ವಾಲಕ್ಕೆ ಹೋಗುವುದನ್ನು ಅರ್ಧ ದಿನ ಮುಂದೂಡುವುದರ ಹೊರತು. ರಾಯಚೂರು–ಮಹಬೂಬನಗರ ಹೆದ್ದಾರಿಯ ಮೇಲಿನ ಈ ಊರಿಗೆ ಈಚೆಗೆ ರೈಲೂ ಬಂದಿದೆ. ದೇವರಕದ್ರದಿಂದ ಕೃಷ್ಣಾ ನಿಲ್ದಾಣಕ್ಕೆ ಹಾಕಿದ ಹೊಸ ದಾರಿಯ ಕೊನೆಯ ಭಾಗ ಜಕ್ಲೇರಿನಿಂದ ಕೃಷ್ಣಾವರೆಗಿನದು. ೨೦೨೩ರ ಅಕ್ಟೋಬರ್ ೧ರಂದು ಅದು ತೆರೆದು, ಕಾಚಿಗುಡ–ರಾಯಚೂರು ಗಾಡಿ ಓಡಲಾರಂಭಿಸಿತು. ಈ ದಾರಿಯ ಮಾತನ್ನು ನಾನು ಕೆಲಸಕ್ಕೆ ಸೇರಿದ ಹೊಸದರಿಂದಲೂ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ತಲೆ ನೆರೆಯಿತು. ಬಸ್ ನಿಲ್ದಾಣದ ಎದುರಿನ ಬಂಡಿಯಲ್ಲಿ ಮಂಡಕ್ಕಿಯ ಒಗ್ಗರಣೆ ಮತ್ತು ಮಿರ್ಚಿ ತಿಂದೆ. ನಾವು ಒಗ್ಗರಣಿ ಎನ್ನುವುದನ್ನು ಬಂಡಿಯವನು ‘ಉಗ್ಗಾಣಿ’ ಎಂದ. ರುಚಿ ಮಾತ್ರ ಒಂದೇ.

ಮಕ್ತಲದ ಪಡಮಟಿ ಆಂಜನೇಯನ ಗುಡಿಗೆ ಹೋಗಿ ಬಂದೆ. ತೆಲುಗಿನ ಪಡಮಟಿ ಎಂದರೆ ನಮ್ಮ ಪಡುವಣವೇ. ಸ್ವಾಮಿ ಪಶ್ಚಿಮಕ್ಕೆ, ಎಂದರೆ ಗಡಿಯ ಕಡೆಗೆ ಮುಖ ಮಾಡಿ ನಿಂತಿದ್ದಾನೆ. ಗುಡಿಯಲ್ಲಿ ರಾಯಚೂರಿನ ಕಡೆಯ ಒಂದು ಕುಟುಂಬ ಕುರುವಪುರಕ್ಕೆ ಹೊರಟಿತ್ತು. ಶ್ರೀಪಾದ ಶ್ರೀವಲ್ಲಭರ ಆ ನಡುಗಡ್ಡೆ ರಾಯಚೂರು ತಾಲ್ಲೂಕಿಗೆ ಸೇರಿದ್ದು. ಆದರೆ ಯಾತ್ರಿಕರಲ್ಲಿ ಹೆಚ್ಚಿನವರು ಮಕ್ತಲಕ್ಕೆ ಬಂದು ಪಂಚದೇವಪಹಾಡದ ದಡದಿಂದಲೇ ಹೊಳೆ ದಾಟುತ್ತಾರೆ. ತಮ್ಮ ಜಿಲ್ಲೆಯ ಕ್ಷೇತ್ರಕ್ಕೆ ಹೋಗಲು ಪಕ್ಕದ ರಾಜ್ಯದ ದಡದಲ್ಲಿ ದೋಣಿಗಾಗಿ ಕಾಯುವುದು ಆ ಕುಟುಂಬದವರಿಗೆ ವಿಚಿತ್ರವಾಗಿ ಕಂಡಂತೆ ತೋರಲಿಲ್ಲ. ಬರುತ್ತೀರಾ ಎಂದು ನನ್ನನ್ನೂ ಕರೆದರು. ಹೋಗಬಹುದಿತ್ತು. ಒಳ್ಳೆಯ ನೆಪವೂ ಆಗಿತ್ತು. ಆದರೆ ನೆಪಗಳ ವಿಷಯದಲ್ಲಿ ನನ್ನ ಪೂರ್ವೇತಿಹಾಸ ಒಳ್ಳೆಯದಲ್ಲವಾದ್ದರಿಂದ ಕೈಮುಗಿದು ಆತ್ಮಕೂರಿನ ಬಸ್ಸು ಹತ್ತಿದೆ.

ಆತ್ಮಕೂರಿನಿಂದ ಗದ್ವಾಲಕ್ಕೆ ಜೂರಾಲದ ಆಣೆಕಟ್ಟಿನ ಮೇಲೆ ದಾರಿ. ೧೯೯೦ರ ದಶಕದ ನಡುವಿನಲ್ಲಿ ಇಲ್ಲಿ ಕೃಷ್ಣೆ ನಿಂತಳು. ಬಸ್ಸಿನ ಒಂದು ಕಿಟಕಿಯಲ್ಲಿ ಸಮುದ್ರದಂಥ ನೀರು, ಇನ್ನೊಂದರಲ್ಲಿ ಬಂಡೆಗಳ ನಡುವೆ ಹರಿಯುವ ಎಳೆಗಳು. ಕಟ್ಟೆಯ ಬಳಿ ಹೊಳೆಯ ಮೀನನ್ನು ಹುರಿದು ಮಾರುವ ಅಂಗಡಿಗಳ ಸಾಲು. ಬಸ್ಸು ನಿಲ್ಲಿಸಿ ಚಾಲಕನೂ ಒಂದು ಪೊಟ್ಟಣ ಕಟ್ಟಿಸಿಕೊಂಡ. ಆಣೆಕಟ್ಟು ದಾಟಿದರೆ ಕೃಷ್ಣಾ–ತುಂಗಭದ್ರೆಯರ ನಡುವಣ ನೆಲ. ತೆಲುಗರು ಇದನ್ನು ‘ನಡಿಗಡ್ಡ’ ಎನ್ನುತ್ತಾರೆ. ನಮ್ಮ ನಡುಗಡ್ಡೆಯೇ ಅದು, ಒಂದು ಸ್ವರದ ವ್ಯತ್ಯಾಸದೊಡನೆ.

ಗದ್ವಾಲದ ಕೋಟೆಯನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ಸೋಮನಾದ್ರಿ. ನಿಜಾಮರ ಕೈಕೆಳಗಿನ ಸಂಸ್ಥಾನಗಳಲ್ಲಿ ಇದಕ್ಕೆ ‘ವಿದ್ವದ್ಗದ್ವಾಲ’ವೆಂಬ ಹೆಸರಿತ್ತು, ಅರಸರು ವಿದ್ವಾಂಸರನ್ನು ಅಷ್ಟು ಆದರಿಸುತ್ತಿದ್ದರು. ಕೊನೆಯಲ್ಲಿ ಆಳಿದವರು ಮಹಾರಾಣಿ ಆದಿಲಕ್ಷ್ಮಿ ದೇವಮ್ಮ. ಅವರ ಹೆಸರಿನ ಸರಕಾರಿ ಕಾಲೇಜು ಈಗ ಕೋಟೆಯೊಳಗೇ ನಡೆಯುತ್ತಿದೆ. ಚೆನ್ನಕೇಶವನ ಗುಡಿಯೂ ಅಲ್ಲಿಯೇ. ಗೋಡೆಯ ಮಣ್ಣು ಅಲ್ಲಲ್ಲಿ ಕುಸಿದಿದೆ. ಪುಸ್ತಕ ಹಿಡಿದ ಹುಡುಗಿಯರು ಹೆಬ್ಬಾಗಿಲಿನಿಂದ ಸಲೀಸಾಗಿ ಓಡಾಡುತ್ತಿದ್ದರು. ಅವರನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ.

ನಮ್ಮ ಹೊಸ ಪೀಳಿಗೆಯವರಿಗೆ ಗೊತ್ತಿರಲಾರದ ಮಾತೊಂದನ್ನು ಇಲ್ಲಿ ಹೇಳಬೇಕು. ಹೈದರಾಬಾದ್ ರಾಜ್ಯದಲ್ಲಿ ಗದ್ವಾಲವೂ ಆಲಂಪುರವೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ೧೯೫೬ರ ನವೆಂಬರ್ ೧ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಈ ಎರಡನ್ನು ಬಿಡಿಸಿ ಆಂಧ್ರಪ್ರದೇಶಕ್ಕೆ ಕೊಟ್ಟರು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನೂ ಹೀಗೆಯೇ. ಮಕ್ತಲ ಮತ್ತು ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯವಾದ್ದರಿಂದ ಅವುಗಳ ಕನ್ನಡ ಹಳ್ಳಿಗಳು ಇದ್ದಲ್ಲಿಯೇ ಉಳಿದವು. ಗದ್ವಾಲದಲ್ಲಿ ತೆಲುಗು ಮಾತನಾಡುವವರೇ ಹೆಚ್ಚು, ಅದರಲ್ಲಿ ಅನ್ಯಾಯವೆನ್ನುವಂಥದ್ದೇನೂ ಇಲ್ಲ. ಆದರೆ ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ಕಾಣುವುದು ಊರು. ಆ ಊರಿನ ಓಣಿಯಲ್ಲಿ ಇರುವ ಎರಡನೆಯ ಮಾತು ಕಾಣುವುದಿಲ್ಲ.

ಅವಳ ಮನೆ ಕೋಟೆಯಿಂದ ದೂರವಿರಲಿಲ್ಲ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದಾಗ ಮಗ್ಗದ ಸದ್ದು ನಿಂತಿತು. ನಲವತ್ತು ದಾಟಿದ ಹೆಂಗಸು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಇನ್ನೂ ಕಂಡಿಕೆ. ಒಂದು ಕ್ಷಣ ನೋಡಿದಳು.

“ಸರ! ಬರ್ರಿ, ಒಳಗ ಬರ್ರಿ” ಎಂದು ಸೆರಗು ಹೊದ್ದು ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ.

ಗಂಡ ಸೇಟರ ಅಂಗಡಿಗೆ ಹೋಗಿದ್ದ. ಮಗ್ಗದ ಮೇಲಿದ್ದ ಸೀರೆಯನ್ನು ಅವಳು ತೋರಿಸಿದಳು. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿಗಳು ಓಡುತ್ತವೆ. ಹತ್ತಿಯ ಹೊಕ್ಕನ್ನೂ ರೇಷ್ಮೆಯ ಹೊಕ್ಕನ್ನೂ ಎಳೆ ಎಳೆಗೂ ಒಂದಕ್ಕೊಂದು ಸಿಕ್ಕಿಸಿ ಅಂಚನ್ನು ಕೂಡಿಸಬೇಕು. ಇದಕ್ಕೆ ‘ಕುಪ್ಪಡಂ’ ಎನ್ನುತ್ತಾರೆ. ಒಂದು ಎಳೆ ತಪ್ಪಿದರೆ ಅಂಚು ಒಡಲಿನಿಂದ ಬಿಟ್ಟುಹೋಗುತ್ತದೆ. ಅಂಚಿನ ಮೇಲೆ ಸಾಲಾಗಿ ನಿಂತ ಮೊನೆಗಳಿಗೆ ‘ಕೋಟಕೊಮ್ಮ’ ಎಂದು ಹೆಸರು. “ಇದನ್ನು ಎಣಿಸಿ ಎತ್ತಬೇಕು ಸರ. ಎಣಿಕಿ ಬರಲಾರದವರಿಗೆ ಇದು ಆಗಂಗಿಲ್ಲ” ಎಂದಳು. ನನ್ನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಲೆಕ್ಕದಲ್ಲಿ ಜಾಣೆಯಾದ ಹುಡುಗಿಯ ಜಾಣತನ ಎಲ್ಲಿಗೆ ಹೋಯಿತೆಂದು ಇಷ್ಟು ವರ್ಷ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲಿ, ಮಗ್ಗದ ಮೇಲೆ ಹರಡಿತ್ತು. ಅದು ವ್ಯರ್ಥವಾಯಿತೆಂದು ಹೇಳಲು ನಾಲಿಗೆ ಏಳದು. ಅವಳ ಪಾಲಿಗೆ ಎಷ್ಟು ಕೂಲಿ ಬರುತ್ತದೆಂದು ಕೇಳಿದ ಮೇಲೆ, ವ್ಯರ್ಥವಾಗಲಿಲ್ಲವೆಂದು ಹೇಳಲೂ ಆಗಲಿಲ್ಲ.

ಇನ್ನು ತಡಮಾಡಲಿಲ್ಲ. ೧೯೯೭ರಲ್ಲಿ ನಡೆದುದನ್ನು ಯಾರಿಗೂ ಹೇಳಿರದಿದ್ದಂತೆ ಅವಳಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಬೇರೆ ರಾಜ್ಯದ ಶಾಲೆಗೆ ಸೇರಬೇಕಾದರೆ ವರ್ಗಾವಣೆ ಪತ್ರಕ್ಕೆ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಆ ಜೂನ್ ತಿಂಗಳಲ್ಲಿ ನಾನು ಓಡಾಡಿ ರುಜು ಮಾಡಿಸಿಯೂ ಇದ್ದೆ. ಮರುದಿನವೇ ಅದನ್ನು ಅಜ್ಜಿಯ ಮನೆಗೆ ಒಯ್ದು, ಅವಳನ್ನು ಕರೆದುಕೊಂಡು ಸೇತುವೆ ದಾಟುವುದೆಂದು ಗೊತ್ತಾಗಿತ್ತು. ಅಂದು ಸಂಜೆ ರಾಯಚೂರಿನಲ್ಲಿದ್ದ ಬಂಧುಗಳಿಂದ ನನಗೊಂದು ಸುದ್ದಿ ಬಂತು. ಅಲ್ಲಿಯ ಒಂದು ಶಾಲೆಯಲ್ಲಿ ಜಾಗ ಖಾಲಿ ಇದೆ, ಕೂಡಲೇ ಬಂದು ಕಾಣು ಎಂದು. ನಾನು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಬಂದು ಕೊಟ್ಟರಾಯಿತೆಂದು ಹೊರಟುಹೋದೆ. ಇವತ್ತು ಬಾ, ನಾಳೆ ಬಾ ಎನ್ನಿಸಿಕೊಳ್ಳುತ್ತ ಹದಿನೇಳು ದಿನ ಅಲ್ಲಿಯೇ ಉಳಿದೆ. ಕೆಲಸ ಸಿಗಲಿಲ್ಲ. ಮರಳಿ ಬರುವಷ್ಟರಲ್ಲಿ ಸೇರುವ ಗಡುವು ಮುಗಿದಿತ್ತು, ತಂದೆ ಬಂದು ಮಗಳನ್ನು ನಾರಾಯಣಪೇಟೆಗೆ ಕರೆದೊಯ್ದಿದ್ದರು. ಅವಳನ್ನು ದಾಟಿಸಬೇಕಾಗಿದ್ದ ಸೇತುವೆಯನ್ನು ನಾನೊಬ್ಬನೇ ದಾಟಿ, ನಾನೊಬ್ಬನೇ ಮರಳಿದ್ದೆ.

ಅವಳು ನೆಲ ನೋಡುತ್ತ ಕೇಳಿದಳು. “ಅಜ್ಜಿ ಟ್ರಂಕ್ ತಂದಿದ್ದಳು ಸರ, ಬುತ್ತಿ ಕಟ್ಟಿದ್ದಳು. ನಾ ಟ್ರಂಕ್ ಇಟ್ಟುಕೊಂಡು ಕಟ್ಟಿ ಮ್ಯಾಲೆ ಕುಂತಿದ್ದೆ. ಎಂಟು ದಿನ. ಒಂಬತ್ತನೇ ದಿನಕ್ಕ ಅಪ್ಪ ಬಂದ.”

“ಯುಗಾದಿಗೇ ನಿನಗಾಗಿ ಮಗ್ಗ ಹೂಡಿದ್ದೆ, ಕಳಿಸುತ್ತಿರಲಿಲ್ಲ ಎಂದರಲ್ಲ ನಿಮ್ಮ ತಂದೆಯವರು?”

ಅವಳು ಸ್ವಲ್ಪ ನಕ್ಕಳು. “ಮಗ್ಗ ಹೂಡಿದ್ದು ಖರೇ. ಅದು ಅಣ್ಣಗ.”

ಹೊರಗೆ ಆಟೋದವನು ಯಾರನ್ನೋ ಕೂಗುತ್ತಿದ್ದ. ನಾನು ಅಧ್ಯಾಪಕನ ಬುದ್ಧಿಯನ್ನು ಬಿಡಲಾರದೆ, ಜೂನ್ ತಿಂಗಳಿನಿಂದ ಕಾಡುತ್ತಿದ್ದ ಪ್ರಶ್ನೆಯನ್ನು ಅವಳ ಮುಂದೆ ಇಟ್ಟೆ. ಐದನೆಯ ತರಗತಿಯಲ್ಲಿಯೇ ನಿನ್ನನ್ನು ತೆಲುಗಿಗೆ ಬಿಟ್ಟುಕೊಟ್ಟಿದ್ದರೆ ಒಳ್ಳೆಯದಾಗುತ್ತಿತ್ತೇ, ಕನ್ನಡದಲ್ಲಿ ಇರಿಸಿಕೊಂಡದ್ದು ತಪ್ಪಾಯಿತೇ ಎಂದೆ. ಈ ಒಂದು ಪ್ರಶ್ನೆಯನ್ನು ನಾನು ಎಷ್ಟು ಸಭೆಗಳಲ್ಲಿ, ಎಷ್ಟು ವಿಧದಲ್ಲಿ ಚರ್ಚಿಸಿಲ್ಲ!

“ಭಾಷಾ ಯಾವುದಾದ್ರೇನು ಸರ” ಎಂದಳು. “ಬರ್ತೀನಿ ಅಂದವರು ಬರಬೇಕಿತ್ತು.”

ಸಿಟ್ಟಿನಿಂದ ಆಡಿದ ಮಾತಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಷ್ಟು ಮೆಲ್ಲಗೆ ಹೇಳಿ, ಚಹಾ ಮಾಡಲು ಎದ್ದುಹೋದಳು.

ಕಾಗದವನ್ನು ಕೊಟ್ಟೆ. ಕನ್ನಡಕ ಸರಿ ಮಾಡಿಕೊಂಡು ಓದಿದಳು. ಹುಟ್ಟಿದ ತಾರೀಖಿನ ಸಾಲಿಗೆ ಬಂದಾಗ ನಗು ಉಕ್ಕಿತು. ಜೂನ್ ೧. ಆ ಕಾಲದಲ್ಲಿ ನಮ್ಮ ಶಾಲೆಯ ಮಕ್ಕಳೆಲ್ಲ ಜೂನ್ ತಿಂಗಳಿನಲ್ಲಿಯೇ ಹುಟ್ಟುತ್ತಿದ್ದರು. ತಾಯಂದಿರು ‘ಕಾರಹುಣ್ಣಿವಿ ಆದ ಮ್ಯಾಲೆ’, ‘ಹೊಳಿ ಬಂದಾಗ’ ಎಂದು ಹೇಳಿದ್ದನ್ನೆಲ್ಲ ದಾಖಲಾತಿ ಪುಸ್ತಕದಲ್ಲಿ ನಾವು ಒಂದೇ ದಿನಕ್ಕೆ ತಂದು ನಿಲ್ಲಿಸುತ್ತಿದ್ದೆವು. ಅವಳು ಎದ್ದು ಒಳಕೋಣೆಗೆ ಹೋಗಿ, ತಗಡಿನ ಒಂದು ಟ್ರಂಕನ್ನು ತೆರೆದು, ರೇಷ್ಮೆಯ ಲಡಿಗಳ ಕೆಳಗೆ ಕಾಗದವನ್ನು ಇಟ್ಟಳು. ಅದು ಆ ಟ್ರಂಕೇ ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಮಗ ಬಂದ. ಇಂಟರ್‌ಮೀಡಿಯೆಟ್ ಮುಗಿಸಿದ್ದಾನೆ, ಕೋಟೆಯ ಕಾಲೇಜಿನಲ್ಲಿ ಬಿ.ಎಸ್‌ಸಿ. ತೆಲುಗು ಸೊಗಸಾಗಿ ಮಾತನಾಡುತ್ತಾನೆ, ಕನ್ನಡ ತಿಳಿಯುತ್ತದೆ, ಓದಲು ಬಾರದು. ೨೦೧೩ರಲ್ಲಿ ಗದ್ವಾಲಕ್ಕೂ ರಾಯಚೂರಿಗೂ ರೈಲು ಕೂಡಿದ ಮೇಲೆ ಅಲ್ಲಿ ಓದುವ ಆಸೆ ಅವನಿಗಿತ್ತಂತೆ. ಆದರೆ ಅದೇ ೨೦೧೩ರಿಂದ ಸಂವಿಧಾನದ ೩೭೧(ಜೆ) ವಿಧಿಯ ಮೇರೆಗೆ ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಅಲ್ಲಿಯ ಸ್ಥಳೀಯರಿಗೆ ಸೀಟು ಮೀಸಲು. ೧೯೫೬ರಲ್ಲಿ ಆ ಜಿಲ್ಲೆಯಿಂದ ಕಳಚಿದ ಊರಿನ ಹುಡುಗ ಸ್ಥಳೀಯನಲ್ಲ. ಇದನ್ನು ಅವನಿಗೆ ವಿವರಿಸುತ್ತ ಹೋದಂತೆ ನನ್ನ ಧ್ವನಿ ಸಭೆಯಲ್ಲಿ ಮಾತನಾಡುವವನ ಧ್ವನಿಯಾಗುತ್ತಿದ್ದುದು ನನಗೇ ಕೇಳಿಸಿ ಸುಮ್ಮನಾದೆ. ಯಾವ ತಾರೀಖಿನೊಳಗೆ ಎಲ್ಲಿಗೆ ಅರ್ಜಿ ಹಾಕಬೇಕೆಂಬುದು ಅವನಿಗೆ ಬೇಕಾಗಿತ್ತು. ಬರುವ ವರ್ಷಕ್ಕೆ ತಿಳಿದು ಬರೆಯುತ್ತೇನೆಂದು ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ, ಚೀಲದಿಂದ ಪುಸ್ತಕ ತೆಗೆದು ಅವನ ಮೊಬೈಲ್ ಸಂಖ್ಯೆಯನ್ನು ಬರೆದುಕೊಂಡು, ರಾಯಚೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಅಲ್ಲಿಂದಲೇ ದೂರವಾಣಿ ಮಾಡಿದೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಊಟವಾದ ಮೇಲೆ ಅವಳು ಸೇಟರ ಲೆಕ್ಕದ ಪುಸ್ತಕವನ್ನು ತಂದಳು. ಎಷ್ಟು ರೇಷ್ಮೆ ಬಂತು, ಎಷ್ಟು ಜರಿ, ಎಷ್ಟು ಸೀರೆ ಹೋಯಿತು, ಮುಂಗಡ ಎಷ್ಟು ಕಳೆಯಿತು ಎಂಬ ಲೆಕ್ಕ. ಬರೆದದ್ದು ತೆಲುಗಿನಲ್ಲಿ; ಮದುವೆಯಾಗಿ ಬಂದ ಮೇಲೆ ಕಲಿತದ್ದಂತೆ, ಕಲಿಯಲು ಒಂದು ತಿಂಗಳೂ ಹಿಡಿಯಲಿಲ್ಲವಂತೆ. ಹಿಡಿಯಬೇಕಾಗಿಯೂ ಇಲ್ಲ. ಗಡಿಯ ಶಾಲೆಯ ಮಾಸ್ತರರಿಗೆಲ್ಲ ಗೊತ್ತಿರುವಂತೆ ಎರಡು ಲಿಪಿಗಳಿಗೂ ಇರುವ ದೊಡ್ಡ ವ್ಯತ್ಯಾಸ ತಲೆಕಟ್ಟಿನದು. ಕನ್ನಡದ ತಲೆಕಟ್ಟು ಅಕ್ಷರದ ಮೇಲೆ ಅಡ್ಡಲಾಗಿ ಮಲಗಿ ಬಲತುದಿಯಲ್ಲಿ ತುಸು ಬಾಗುತ್ತದೆ. ತೆಲುಗಿನದು, ಸರಿಯುತ್ತರದ ಮುಂದೆ ನಾವು ಹಾಕುವ ಗುರುತಿನಂತೆ, ಕೆಳಗಿಳಿದು ಮೇಲೇಳುತ್ತದೆ. ನಮ್ಮ ಮಕ್ಕಳು ಒಂದರ ತಲೆಯನ್ನು ಇನ್ನೊಂದಕ್ಕೆ ಇಡುವುದು ದಿನನಿತ್ಯದ ತಪ್ಪು. ೨೦೧೮ರ ಕಾಯಿದೆಯ ಮೇರೆಗೆ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದ ಮೇಲಂತೂ ಈ ತಪ್ಪನ್ನು ತಿದ್ದುವುದೇ ನನ್ನ ಅರ್ಧ ಕೆಲಸವಾಗಿದೆ.

ಅವಳ ತೆಲುಗು ಅಕ್ಷರಗಳಿಗೆಲ್ಲ ಕನ್ನಡದ ತಲೆಕಟ್ಟಿತ್ತು. ಪುಟದ ಮೇಲೆ ಪುಟ, ಸಾಲಿನ ಮೇಲೆ ಸಾಲು. ಬಲತುದಿಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಬಾಗಿದ ತಲೆಕಟ್ಟು. ಕರಿಹಲಗೆಯ ಮೇಲೆ ನಾನು ಬರೆಯುವುದು ಹಾಗೆ.

“ಸೇಟರು ಬೈತಾರ ಸರ, ಇದ್ಯಾವ ತೆಲುಗು ಅಂತ. ಏನು ಮಾಡಿದ್ರೂ ಕೈ ಹಂಗೇ ಹೊಳ್ಳತದ” ಎಂದಳು. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಕೊನೆಯ ಪುಟದ ಕೆಳಗೆ ಬೆರಳಿಟ್ಟಳು. “ಈ ತಿಂಗಳ ಮೊತ್ತ ಸರಿ ಅದ ಏನು ನೋಡ್ರಿ. ಅವರದಕ್ಕೂ ನಮ್ಮದಕ್ಕೂ ನಾಲ್ಕುನೂರು ರೂಪಾಯಿ ಫರಕ ಬರ್ತದ.”

ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಕೂಡಿದೆ. ಎರಡು ಸಲವೂ ಅವಳದೇ ಸರಿಯಾಗಿತ್ತು. ಅವಳು ಕಾಯುತ್ತ ನಿಂತಿದ್ದಳು. ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ತೆಗೆದು ಮೊತ್ತದ ಪಕ್ಕದಲ್ಲಿ ಗುರುತು ಹಾಕಿ, ಕೆಳಗೆ ರುಜು ಮಾಡಿ, ತಾರೀಖು ಬರೆದೆ. ರಾಯಚೂರಿನ ಗಾಡಿಗೆ ಇನ್ನೂ ಒಂದು ಗಂಟೆ ಇತ್ತು. ಆ ನಾಲ್ಕುನೂರರ ವಿಷಯವನ್ನು ಕೇಳಲು ಇಬ್ಬರೂ ಪುಸ್ತಕ ಹಿಡಿದುಕೊಂಡು ಸೇಟರ ಅಂಗಡಿಯ ಕಡೆಗೆ ಹೊರಟೆವು.